ಒಂದೇ ಸಂತೆಗೆ ಮತ್ತೆ ಮತ್ತೆ ಹೋಗಿ

ಪ್ರಶ್ನೆ: ನಾನು ಹಾವೇರಿಯವನು, ಈಗ ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೆಲಸದಲ್ಲಿದ್ದೇನೆ. ಹವ್ಯಾಸಕ್ಕಾಗಿ ಫೋಟೊ ತೆಗೆಯುತ್ತೇನೆ. ಕಳೆದ ವರ್ಷ ಗ್ವಾಟೆಮಾಲದ ಚಿಚಿಕಾಸ್ತೆನಾಂಗೊ ಸಂತೆಯಲ್ಲಿ ಅರ್ಧ ದಿನ ಸುತ್ತಿ ಮುನ್ನೂರಕ್ಕೂ ಹೆಚ್ಚು ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಬಹುಪಾಲು ಬೆನ್ನುಗಳು, ಅಡ್ಡ ಹಿಡಿದ ಕೈಗಳು, ನೀಲಿಗಟ್ಟಿದ ಮುಖಗಳು. ಬರುವ ಫೆಬ್ರವರಿಯಲ್ಲಿ ಎರಡು ವಾರ ರಜೆ ಇದೆ. ಗ್ವಾಟೆಮಾಲ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ನಾಲ್ಕನ್ನೂ ಮುಗಿಸುವ ಯೋಚನೆ ಮಾಡಿದ್ದೇನೆ. ಯಾವ ಲೆನ್ಸ್ ಒಯ್ಯಲಿ? ಬಣ್ಣವೋ, ಕಪ್ಪು-ಬಿಳುಪೋ? ಕೇಳಿ ತೆಗೆದರೆ ಸಹಜತೆ ಹೋಗುತ್ತದೆ, ಕೇಳದೆ ತೆಗೆದರೆ ಮುಖ ತಿರುಗಿಸುತ್ತಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಲೆನ್ಸು ಮೊದಲು ಬಂದಿದೆ, ಮುಖ ತಿರುಗಿಸುವವರು ಕೊನೆಗೆ ಬಂದಿದ್ದಾರೆ. ನಾನು ಕೊನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಬಗೆಹರಿಯದಿದ್ದರೆ ಲೆನ್ಸಿನ ಬಗ್ಗೆ ಏನು ಹೇಳಿದರೂ ಪ್ರಯೋಜನವಿಲ್ಲ. ಅದಕ್ಕೂ ಮುಂಚೆ ಒಂದು ವಿನಂತಿ: ನಾಲ್ಕು ದೇಶಗಳ ಯೋಜನೆಯನ್ನು ಕೈಬಿಡಿ. ಎರಡು ವಾರದಲ್ಲಿ ನಾಲ್ಕು ದೇಶ ಸುತ್ತಿದರೆ ಒಳ್ಳೆಯ ಬೆಳಗುಗಳೆಲ್ಲ ಬಸ್ಸಿನಲ್ಲಿ ಮತ್ತು ಗಡಿಯ ಸಾಲಿನಲ್ಲಿ ಕಳೆದುಹೋಗುತ್ತವೆ. ಹೋದಲ್ಲೆಲ್ಲ ನೀವು ಮೊದಲ ದಿನದ ಅಪರಿಚಿತರಾಗಿಯೇ ಇರುತ್ತೀರಿ. ಗ್ವಾಟೆಮಾಲದ ಪಶ್ಚಿಮದ ಎತ್ತರದ ಸೀಮೆಯಲ್ಲಿಯೇ ಉಳಿದುಕೊಳ್ಳಿ. ಅಲ್ಲಿನ ಊರುಗಳಲ್ಲಿ ನಮ್ಮಲ್ಲಿರುವಂತೆಯೇ ವಾರದ ಗೊತ್ತಾದ ದಿನಗಳಲ್ಲಿ ಸಂತೆ ಸೇರುತ್ತದೆ. ಆ ದಿನವನ್ನು ಅವರು ‘ದಿಯಾ ದೆ ಪ್ಲಾಸಾ’ ಎನ್ನುತ್ತಾರೆ. ಸೊಲೊಲಾದಲ್ಲಿ ಮಂಗಳವಾರ ಮತ್ತು ಶುಕ್ರವಾರ, ಚಿಚಿಕಾಸ್ತೆನಾಂಗೊದಲ್ಲಿ ಗುರುವಾರ ಮತ್ತು ಭಾನುವಾರ, ಸಾನ್ ಫ್ರಾನ್ಸಿಸ್ಕೊ ಎಲ್ ಆಲ್ತೊದಲ್ಲಿ ಶುಕ್ರವಾರ. ಅತಿತ್ಲಾನ್ ಸರೋವರದ ದಂಡೆಯ ಪನಾಹಚೆಲ್‌ನಲ್ಲಿ ಒಂದು ಕೋಣೆ ಹಿಡಿದರೆ ಸೊಲೊಲಾ ಮೇಲಿನ ಗುಡ್ಡದಲ್ಲೇ ಇದೆ, ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಎರಡು ವಾರದಲ್ಲಿ ನಾಲ್ಕು ಸಲ ಅದೇ ಸಂತೆಗೆ ಹೋಗಬಹುದು. ಮೂರು ಸಂತೆಗೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಸಂತೆಗೆ ಮೂರು ಸಲ ಹೋಗುವುದು ಮೇಲು ಎಂಬುದೇ ನನ್ನ ಇಡೀ ಉತ್ತರದ ತಿರುಳು. ಮುಂದೆ ಬರೆಯುವುದೆಲ್ಲ ಅದರ ಕಾರಣಗಳು ಮತ್ತು ವಿವರಗಳು.

ಮುಖಕ್ಕೆ ಅಡ್ಡ ಹಿಡಿದ ಆ ಕೈಗಳನ್ನು ನಾಚಿಕೆ ಎಂದೋ ಮೂಢನಂಬಿಕೆ ಎಂದೋ ತಿಳಿಯಬೇಡಿ. ಕ್ಯಾಮೆರಾ ಆತ್ಮವನ್ನು ಕದಿಯುತ್ತದೆಂದು ಅಲ್ಲಿನ ಜನ ಹೆದರುತ್ತಾರೆ ಎಂಬ ಮಾತನ್ನು ಪ್ರವಾಸಿಗರು ಒಬ್ಬರಿಂದೊಬ್ಬರು ಕೇಳಿ ಹೇಳುತ್ತಲೇ ಬಂದಿದ್ದಾರೆ. ಆ ವಿವರಣೆ ತೆಗೆಯುವವರಿಗೆ ಅನುಕೂಲವಾಗಿದೆ, ಅಷ್ಟೆ. ಹೆಚ್ಚು ಹತ್ತಿರದ ಕಾರಣಗಳಿವೆ. ಗ್ವಾಟೆಮಾಲದಲ್ಲಿ 1960ರಿಂದ 1996ರ ಡಿಸೆಂಬರಿನ ಶಾಂತಿ ಒಪ್ಪಂದದವರೆಗೆ ಅಂತರ್ಯುದ್ಧ ನಡೆಯಿತು. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಗುರುತು ಸಿಕ್ಕ ಬಲಿಪಶುಗಳಲ್ಲಿ ಶೇ. 83ರಷ್ಟು ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನ ಎಂದು ಸತ್ಯಶೋಧನಾ ಆಯೋಗ 1999ರಲ್ಲಿ ವರದಿ ಕೊಟ್ಟಿತು. ನೀವು ಅರ್ಧ ದಿನ ಕಳೆದ ಚಿಚಿಕಾಸ್ತೆನಾಂಗೊ ಇರುವ ಕಿಚೆ ಪ್ರಾಂತ್ಯವೇ ಅತಿ ಹೆಚ್ಚು ಹಿಂಸೆಯನ್ನು ಕಂಡಿತು. ಅದೇ 1999ರಲ್ಲಿ ಸೇನೆಯ ಗುಪ್ತಚರ ವಿಭಾಗದ ಒಂದು ಕಡತ ಹೊರಬಿತ್ತು; 1980ರ ದಶಕದಲ್ಲಿ ಹಿಡಿದೊಯ್ದ 183 ಜನರ ಹೆಸರುಗಳು, ಪಕ್ಕದಲ್ಲಿ ಅಂಟಿಸಿದ ಗುರುತಿನ ಚೀಟಿಯ ಅಳತೆಯ ಚಿಕ್ಕ ಫೋಟೊಗಳು ಅದರಲ್ಲಿದ್ದವು. ಕಾಣೆಯಾದವರ ತಾಯಂದಿರು ಮತ್ತು ಹೆಂಡತಿಯರು 1984ರಿಂದ ಬೀದಿಗಿಳಿದಾಗ ಎದೆಗೆ ಹಿಡಿದು ನಡೆದದ್ದೂ ಅಂಥವೇ ಚಿಕ್ಕ ಫೋಟೊಗಳ ದೊಡ್ಡ ಪ್ರತಿಗಳನ್ನು. ಫೋಟೊ ಯಾರ ಕೈಗೆ ಹೋಗುತ್ತದೆ, ಅದರಿಂದ ಏನಾಗಬಹುದು ಎಂಬ ಎಚ್ಚರ ಈ ಸೀಮೆಯ ಐವತ್ತು ದಾಟಿದ ಯಾವ ಹೆಂಗಸಿಗೂ ಯಾರೂ ಕಲಿಸಿಕೊಡಬೇಕಾಗಿಲ್ಲ.

ಇನ್ನೊಂದು ಸಂಗತಿ ಮಕ್ಕಳದು, ಮತ್ತು ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. 2007ರ ಕೊನೆಯಲ್ಲಿ ಕಾನೂನು ಬದಲಾಗುವವರೆಗೆ ಗ್ವಾಟೆಮಾಲದಿಂದ ಪ್ರತಿವರ್ಷ ಸಾವಿರಾರು ಶಿಶುಗಳು ದತ್ತು ರೂಪದಲ್ಲಿ ಹೊರದೇಶಗಳಿಗೆ, ಮುಖ್ಯವಾಗಿ ಅಮೆರಿಕಕ್ಕೆ ಹೋಗುತ್ತಿದ್ದವು. ಅವುಗಳಲ್ಲಿ ಕದ್ದ ಮಕ್ಕಳೂ ಇದ್ದರೆಂಬುದು ಸಾಬೀತಾದ ಪ್ರಕರಣಗಳಿವೆ. ಈ ನೆಲದ ಮೇಲೆಯೇ ಮಕ್ಕಳ ಕಳ್ಳರ ವದಂತಿಗಳು ಬೆಳೆದವು. 2000ದ ಏಪ್ರಿಲ್‌ನಲ್ಲಿ, ಅಂಥ ವದಂತಿ ಹಬ್ಬಿದ್ದ ಹೊತ್ತಿನಲ್ಲಿ, ತೊದೊಸ್ ಸಾಂತೊಸ್ ಕುಚುಮತಾನ್ ಎಂಬ ಗುಡ್ಡದೂರಿನ ಸಂತೆಗೆ ಬಂದಿದ್ದ ಜಪಾನಿ ಪ್ರವಾಸಿಗರ ತಂಡದ ಮೇಲೆ ಗುಂಪು ಎರಗಿ, ಒಬ್ಬ ಪ್ರವಾಸಿಯೂ ಅವರ ಬಸ್ಸಿನ ಗ್ವಾಟೆಮಾಲದ ಚಾಲಕನೂ ಪ್ರಾಣ ಕಳೆದುಕೊಂಡರು. ಇಂದು ನಿಮಗೆ ಹಾಗಾಗುತ್ತದೆಂದು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಬೆನ್ನಿಗೆ ಕೂಸು ಕಟ್ಟಿಕೊಂಡ ತಾಯಿ ನಿಮ್ಮ ಕ್ಯಾಮೆರಾ ಕಂಡು ಹೆಗಲ ವಸ್ತ್ರವನ್ನು ಕೂಸಿನ ಮುಖದ ಮೇಲೆ ಎಳೆದುಕೊಂಡರೆ ಅವಳ ಮನಸ್ಸಿನಲ್ಲಿ ಏನು ಓಡುತ್ತಿರಬಹುದು ಎಂದು ತಿಳಿಸಲು ಬರೆಯುತ್ತಿದ್ದೇನೆ. ತಾಯಿ ಅಥವಾ ತಂದೆ ಬಾಯಿಬಿಟ್ಟು ಒಪ್ಪದೆ ಯಾವ ಮಗುವಿನ ಕಡೆಗೂ ಕ್ಯಾಮೆರಾ ತಿರುಗಿಸಬೇಡಿ; ಮಕ್ಕಳಿಗೆ ಮಿಠಾಯಿ ಹಂಚಬೇಡಿ, ಕೆನ್ನೆ ಮುಟ್ಟಿ ಮುದ್ದಿಸಬೇಡಿ.

ಹಾಗೆಂದು ಈ ಜನರಿಗೆ ಫೋಟೊ ಬೇಡ ಎಂದಲ್ಲ. ಇದು ನನಗೆ ತಡವಾಗಿ ತಿಳಿದ ವಿಷಯ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ 1875ರಲ್ಲಿ ಹಡಗು ಕಂಪನಿಯೊಂದರ ಬೆಂಬಲದಿಂದ ಗ್ವಾಟೆಮಾಲಕ್ಕೆ ಬಂದು ಕಾಫಿ ತೋಟಗಳ ಕೂಲಿಗಳನ್ನು ಚಿತ್ರಿಸಿದ. ಆ ಚಿತ್ರಗಳನ್ನು ನೋಡಬೇಕಾದವರು ದೂರದ ವ್ಯಾಪಾರಿಗಳು ಮತ್ತು ಪ್ರವಾಸಿಗರು, ಚಿತ್ರದೊಳಗಿದ್ದವರಲ್ಲ. ಆದರೆ 20ನೇ ಶತಮಾನದ ಮೊದಲರ್ಧದಲ್ಲಿ ಕೆತ್ಸಾಲ್ತೆನಾಂಗೊದಲ್ಲಿ ತೊಮಾಸ್ ಸಾನೊತ್ತಿ ಎಂಬವರ ಸ್ಟುಡಿಯೊ ಇತ್ತು. ಆ ಊರಿನ ಕಿಚೆ ಎಂಬ ಮಾಯಾ ಪಂಗಡದ ಕುಟುಂಬಗಳು ಹಬ್ಬದ ಬಟ್ಟೆ ತೊಟ್ಟು, ಹಣ ಕೊಟ್ಟು, ಹೇಗೆ ಕೂರಬೇಕು, ಯಾವ ವಸ್ತ್ರ ಕಾಣಬೇಕು ಎಂಬುದನ್ನು ತಾವೇ ಗೊತ್ತುಮಾಡಿಕೊಂಡು ಅಲ್ಲಿ ಫೋಟೊ ತೆಗೆಸಿಕೊಂಡವು. ಆ ಸ್ಟುಡಿಯೊ ಚಿತ್ರಗಳಲ್ಲಿ ಯಾರೂ ಮುಖ ತಿರುಗಿಸಿಲ್ಲ. ಗ್ವಾಟೆಮಾಲದ ಆಂಟಿಗುವಾ ಎಂಬ ಊರಿನಲ್ಲಿ 1978ರಲ್ಲಿ ಸ್ಥಾಪನೆಯಾದ ‘ಸಿರ್ಮಾ’ ಎಂಬ ಸಂಶೋಧನಾ ಕೇಂದ್ರದ ಛಾಯಾಚಿತ್ರ ಸಂಗ್ರಹದಲ್ಲಿ ಅವು ಉಳಿದಿವೆ. ಜಪಾನಿನಲ್ಲಿ ಹುಟ್ಟಿ 19ನೇ ಶತಮಾನದ ಕೊನೆಯಲ್ಲಿ ಆಂಟಿಗುವಾದಲ್ಲಿ ಸ್ಟುಡಿಯೊ ನಡೆಸಿದ ಹುವಾನ್ ಹೋಸೆ ದೆ ಹೇಸುಸ್ ಯಾಸ್ ಅವರ ಚಿತ್ರಗಳೂ ಅಲ್ಲಿವೆ. ಪ್ರವಾಸದ ಮೊದಲ ದಿನವನ್ನು ಆಂಟಿಗುವಾದಲ್ಲಿ ಕಳೆಯುವುದಾದರೆ ಇಂಥ ಚಿತ್ರಗಳನ್ನು ಹುಡುಕಿ ನೋಡಿ. ತಾವು ಬಯಸಿದ ಹಾಗೆ ತಮ್ಮನ್ನು ತೋರಿಸಿಕೊಂಡ ಜನರನ್ನು ಒಮ್ಮೆ ಕಂಡರೆ ಸಂತೆಯಲ್ಲಿ ನಿಮ್ಮ ಕಣ್ಣು ಬೇರೆ ರೀತಿ ಕೆಲಸ ಮಾಡುತ್ತದೆ.

ಈಗ ಸೊಲೊಲಾ. ಮೊದಲ ಮಂಗಳವಾರ ಕ್ಯಾಮೆರಾ ಚೀಲದಲ್ಲೇ ಇರಲಿ. ಇದನ್ನು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಪಾಲಿಸುವುದಿಲ್ಲ. ನೀವು ದಯವಿಟ್ಟು ಪಾಲಿಸಿ. ಬೆಳಗಾಗುವಷ್ಟರಲ್ಲಿ ಅಲ್ಲಿರಿ, ನಡೆಯಿರಿ, ಕೊಳ್ಳಿರಿ. ಗೆಣಸು, ಈರುಳ್ಳಿ, ಗಜ್ಜರಿಗಳ ರಾಶಿ ಎಲ್ಲಿ, ಸರೋವರದ ಒಣಮೀನು ಎಲ್ಲಿ, ಬಿಸಿಲು ಯಾವ ಓಣಿಗೆ ಎಷ್ಟು ಹೊತ್ತಿಗೆ ಇಳಿಯುತ್ತದೆ, ಹೊರೆ ಹೊತ್ತವರು ಯಾವ ಮೂಲೆಯಲ್ಲಿ ದಣಿವಾರಿಸಿಕೊಳ್ಳುತ್ತಾರೆ ಎಂಬುದನ್ನು ನೋಡಿಕೊಳ್ಳಿ. ಮೆಕ್ಕೆಜೋಳ ಮಾರುವವರ ಹತ್ತಿರ ಸುಣ್ಣದ ಹೆಂಟೆಗಳು ಕಂಡರೆ ನಮ್ಮವರಿಗೆ ಎಲೆ-ಅಡಿಕೆ ನೆನಪಾಗುತ್ತದೆ. ಅಲ್ಲಿ ಅದು ಜೋಳ ಬೇಯಿಸಲು. ಸುಣ್ಣದ ನೀರಿನಲ್ಲಿ ಕುದಿಸಿದ ಜೋಳದ ಸಿಪ್ಪೆ ಬಿಡುತ್ತದೆ, ಅದನ್ನು ಅರೆದ ಹಿಟ್ಟಿನಿಂದಲೇ ತೊರ್ತಿಯಾ ತಟ್ಟುವುದು. ಇಂಥ ಸಣ್ಣ ತಿಳಿವಳಿಕೆಗಳು ಫೋಟೊದ ಹೊರಗಿನವಲ್ಲ. ಯಾವುದರ ಪಕ್ಕದಲ್ಲಿ ಯಾವುದು ಏಕಿದೆ ಎಂದು ತಿಳಿಯದವನು ಬಣ್ಣವನ್ನಷ್ಟೇ ನೋಡಿ ಗುಂಡಿ ಒತ್ತುತ್ತಾನೆ.

ಮಾತಿಗೆ ಸ್ಪ್ಯಾನಿಷಿನ ನಾಲ್ಕು ವಾಕ್ಯ ಸಾಕು, ಆದರೆ ಅವು ಗೌರವದ ರೂಪದಲ್ಲಿರಬೇಕು. ಮೊದಲು ‘ಬ್ವೆನೊಸ್ ದಿಯಾಸ್’. ನಮಸ್ಕಾರ ಹೇಳದೆ ಬೆಲೆ ಕೇಳುವುದು ಅಲ್ಲಿ ಒರಟುತನ. ಬಳಿಕ ‘ಆ ಕೊಮೊ ಲಾ ಲಿಬ್ರಾ?’, ಅಂದರೆ ಪೌಂಡಿಗೆ ಹೇಗೆ ಎಂದು. ತೂಕ ಅಲ್ಲಿ ಪೌಂಡಿನಲ್ಲಿ. ಕೊಂಡ ಮೇಲೆ, ಎರಡು ಮಾತಾದ ಮೇಲೆ, ‘ಮೆ ಪೆರ್ಮಿತೆ ಉನಾ ಫೊತೊ?’ ಎಂದು ಕೇಳಬಹುದು. ಸೊಲೊಲಾದವರ ಮನೆಮಾತು ಕಕ್ಚಿಕೆಲ್, ಚಿಚಿಕಾಸ್ತೆನಾಂಗೊದವರದು ಕಿಚೆ; ಎರಡೂ ಮಾಯಾ ಭಾಷೆಗಳು. ಸ್ಪ್ಯಾನಿಷ್ ಅನೇಕ ಮುದುಕಿಯರಿಗೆ ನಿಮ್ಮಷ್ಟೇ ದೂರದ ಭಾಷೆ. ಸೊಲೊಲಾದಲ್ಲಿ ‘ಮತ್ಯೊಶ್’, ಚಿಚಿಕಾಸ್ತೆನಾಂಗೊದಲ್ಲಿ ‘ಮಲ್ತ್ಯೊಶ್’ ಎಂದು ಧನ್ಯವಾದ ಹೇಳಿದರೆ ಪಕ್ಕದ ಅಂಗಡಿಯವರೂ ತಿರುಗಿ ನೋಡಿ ನಗುತ್ತಾರೆ. ನಿರಾಕರಣೆ ಮಾತಿನಲ್ಲಿಯೇ ಬರುತ್ತದೆಂದು ಕಾಯಬೇಡಿ. ತಲೆ ತಗ್ಗಿಸುವುದು, ಸೊಪ್ಪಿನ ಕಟ್ಟನ್ನು ಮುಖದೆದುರು ಎತ್ತುವುದು, ನೆರೆಯವಳ ಕಿವಿಯಲ್ಲಿ ಏನೋ ಹೇಳಿ ನಕ್ಕು ಪಕ್ಕಕ್ಕೆ ಸರಿಯುವುದು, ಇವೆಲ್ಲ ‘ಬೇಡ’ ಎಂಬುದೇ. ಅಲ್ಲಿಗೆ ಕ್ಯಾಮೆರಾ ಕೆಳಗಿಳಿಯಬೇಕು.

ನನ್ನ ತಪ್ಪನ್ನೂ ಹೇಳುತ್ತೇನೆ. ಮೊದಲ ಸಲ ಹೋದಾಗ ಈರುಳ್ಳಿ ಕಟ್ಟುತ್ತಿದ್ದ ಹೆಂಗಸೊಬ್ಬಳನ್ನು ದೂರದಿಂದ ಉದ್ದದ ಲೆನ್ಸಿನಲ್ಲಿ ತೆಗೆದೆ. ಆಕೆ ನೋಡಿದಳು, ಏನೂ ಹೇಳಲಿಲ್ಲ, ಎದ್ದು ಅಂಗಡಿಯ ಹಿಂದಕ್ಕೆ ಹೋಗಿ ಕೂತಳು. ನಾನು ಹೋಗುವವರೆಗೆ ಆಕೆಯ ಈರುಳ್ಳಿಯನ್ನು ಯಾರೂ ಮಾರಲಿಲ್ಲ. ನಾನು ಕಸಿದದ್ದು ಬರೀ ಒಂದು ಚಿತ್ರವನ್ನಲ್ಲ, ಸಂತೆಯ ದಿನದ ಕಾಲುಗಂಟೆಯ ವ್ಯಾಪಾರವನ್ನು. ಆ ಚಿತ್ರ ತಾಂತ್ರಿಕವಾಗಿ ಚೆನ್ನಾಗಿ ಬಂದಿತ್ತು. ನಾನು ಅದನ್ನು ಎಲ್ಲಿಯೂ ತೋರಿಸಿಲ್ಲ.

ಕೇಳಿದರೆ ಸಹಜತೆ ಹೋಗುತ್ತದೆ ಎಂಬ ನಿಮ್ಮ ಆತಂಕ ಅರ್ಧ ಮಾತ್ರ ನಿಜ. ಕೇಳಿದ ಮರುಗಳಿಗೆಯಲ್ಲಿ ಮುಖ ಬಿಗಿಯುತ್ತದೆ, ಕೈ ನಿಲ್ಲುತ್ತದೆ, ಕೆಲವರು ಸಿಪಾಯಿಯಂತೆ ನೆಟ್ಟಗೆ ನಿಲ್ಲುತ್ತಾರೆ. ಆ ಚಿತ್ರವನ್ನೂ ತೆಗೆಯಿರಿ, ಏಕೆಂದರೆ ಅವರು ಕೊಟ್ಟದ್ದು ಅದನ್ನೇ. ಬಳಿಕ ಹೊರಡಬೇಡಿ. ಅಲ್ಲೇ ಪಕ್ಕದಲ್ಲಿ ಕೂತು ಒಂದು ಲೋಟ ಆತೋಲ್ ಕುಡಿಯಿರಿ; ಜೋಳದ ಆ ಬಿಸಿ ಅಂಬಲಿ ಬೆಳಗಿನ ಚಳಿಗೆ ಬಹಳ ಹಿತ. ಹತ್ತು ನಿಮಿಷದಲ್ಲಿ ಗಿರಾಕಿ ಬರುತ್ತಾನೆ, ಚೌಕಾಸಿ ಶುರುವಾಗುತ್ತದೆ, ತಕ್ಕಡಿ ಏಳುತ್ತದೆ. ಕೆಲಸವು ಮನುಷ್ಯನನ್ನು ತನ್ನತ್ತ ಎಳೆದುಕೊಂಡಾಗ ನೀವು ಮರೆತುಹೋಗುತ್ತೀರಿ; ಒಪ್ಪಿಗೆಯೂ ಇದೆ, ಸಹಜತೆಯೂ ಇದೆ. ಬೀದಿಯ ಛಾಯಾಗ್ರಹಣವೆಂದರೆ ಕದ್ದು ತೆಗೆಯುವುದು ಎಂಬ ಪಾಠವನ್ನು ನಾವು ದೊಡ್ಡ ನಗರಗಳಿಂದ ಕಲಿತಿದ್ದೇವೆ. ಅಲ್ಲಿ ಸಾವಿರ ಜನ ಒಬ್ಬರನ್ನೊಬ್ಬರು ಅರಿಯದೆ ಹಾದುಹೋಗುತ್ತಾರೆ. ಸೊಲೊಲಾದಂಥ ಊರಿನ ಸಂತೆಯಲ್ಲಿ ಅಪರಿಚಿತರು ನೀವೊಬ್ಬರೇ, ಕದಿಯಲು ಅಡಗುವ ಜಾಗವೇ ಇಲ್ಲ. ಜನರನ್ನು ಗುರುತಿಸಲಾಗದ ಚಿತ್ರಗಳು, ಅಂದರೆ ಓಣಿಯ ಉದ್ದಕ್ಕೂ ಕಾಣುವ ನೋಟ, ಕೈಗಳು, ನೆರಳುಗಳು, ಹೊರೆಗಳು, ಇವುಗಳಿಗೆ ಪ್ರತಿಯೊಬ್ಬರನ್ನೂ ಕೇಳಬೇಕೆಂದು ನಾನು ಹೇಳುವುದಿಲ್ಲ. ಒಬ್ಬರ ಮುಖವೇ ಚಿತ್ರದ ವಿಷಯವಾದರೆ ಕೇಳಲೇಬೇಕು.

ಇನ್ನು ಬೆಳಕು. ಇಲ್ಲಿ ನಿಮಗೊಂದು ಅನುಕೂಲವಿದೆ. ಹಾವೇರಿಯೂ ಸೊಲೊಲಾವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಎರಡೂ ಉತ್ತರಕ್ಕೆ ಸುಮಾರು 14.8 ಡಿಗ್ರಿ. ಸೂರ್ಯ ಏರುವ ದಾರಿ, ಮಧ್ಯಾಹ್ನದ ನೆರಳಿನ ಉದ್ದ ಎಲ್ಲವೂ ನೀವು ಹುಟ್ಟಿದಾಗಿನಿಂದ ಕಂಡದ್ದೇ. ವ್ಯತ್ಯಾಸ ಎತ್ತರದ್ದು. ಸೊಲೊಲಾ ಸಮುದ್ರಮಟ್ಟದಿಂದ 2100 ಮೀಟರಿನಷ್ಟು ಮೇಲಿದೆ, ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಫೆಬ್ರವರಿ ಅಲ್ಲಿ ಒಣಗಾಲ. ಗಾಳಿ ತೆಳು, ಆಕಾಶ ನಿಚ್ಚಳ, ಆದ್ದರಿಂದ ಬಿಸಿಲಿಗೂ ನೆರಳಿಗೂ ನಡುವಿನ ಅಂತರ ತೀರಾ ಕಟು. ಆರೂವರೆಯ ಸುಮಾರಿಗೆ ಸೂರ್ಯ ಹುಟ್ಟುತ್ತದೆ; ಅಲ್ಲಿಂದ ಒಂಬತ್ತರವರೆಗಿನ ಓರೆಬಿಸಿಲೇ ನಿಮ್ಮ ಮುಖ್ಯ ಸಮಯ. ಹತ್ತರ ಮೇಲೆ ಟೊಪ್ಪಿಗೆಯ ಕೆಳಗಿನ ಕಣ್ಣುಗಳೆಲ್ಲ ಕಪ್ಪು ಗುಳಿಗಳಾಗುತ್ತವೆ. ಆಗ ಟಾರ್ಪಾಲಿನ ಕೆಳಕ್ಕೆ ಸರಿಯಿರಿ.

ನಿಮ್ಮ ನೀಲಿಗಟ್ಟಿದ ಮುಖಗಳಿಗೆ ಆ ಟಾರ್ಪಾಲುಗಳೇ ಕಾರಣ. ನೀಲಿ ಪ್ಲಾಸ್ಟಿಕ್ಕಿನಿಂದ ಸೋಸಿ ಬಂದ ಬೆಳಕಿನಲ್ಲಿ ಬೆಳಕಿನ ಬಣ್ಣವನ್ನು ತಾನೇ ಸರಿದೂಗಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಸೋಲುತ್ತದೆ, ಅದರಲ್ಲಿಯೂ ಚೌಕಟ್ಟಿನ ಒಂದು ಬದಿಗೆ ಹೊರಗಿನ ಬಿಸಿಲು ಸೇರಿದ್ದರೆ. ಮೂರು ದಾರಿಗಳಿವೆ. ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲಿನಲ್ಲಿ ತೆಗೆದು, ಅದೇ ಟಾರ್ಪಾಲಿನ ಕೆಳಗೆ ಒಂದು ಬಿಳಿ ಕಾಗದದ ಚಿತ್ರವನ್ನೂ ತೆಗೆದಿಟ್ಟುಕೊಂಡು ಆಮೇಲೆ ಸರಿಪಡಿಸಬಹುದು. ಆದರೆ ಬೆಳಕಿನಲ್ಲೇ ಕೆಂಪು ಕಡಿಮೆಯಿದ್ದರೆ ಚರ್ಮದ ಬಣ್ಣ ಪೂರ್ತಿ ಮರಳುವುದಿಲ್ಲ. ಟಾರ್ಪಾಲಿನ ಅಂಚಿಗೆ, ಹೊರಗಿನ ನೆಲದಿಂದ ಪುಟಿದ ಬಿಸಿಲು ಒಳಗೆ ಬರುವ ಕಡೆಗೆ ಜಾಗ ಬದಲಿಸಬಹುದು. ನಾನು ಬಹುತೇಕ ಮಾಡುವುದು ಇದನ್ನೇ, ಏಕೆಂದರೆ ಆ ಪುಟಿದ ಬೆಳಕು ಮುಖದ ಕೆಳಭಾಗವನ್ನು ಮೃದುವಾಗಿ ಬೆಳಗಿಸುತ್ತದೆ. ಇಲ್ಲವೇ ಬಣ್ಣವನ್ನು ಹಾಗೆಯೇ ಒಪ್ಪಿಕೊಳ್ಳಬಹುದು: ಕೆಂಪು ಟಾರ್ಪಾಲಿನ ಕೆಳಗಿನ ಟೊಮೆಟೊ ಅಂಗಡಿ ಇಡೀ ಕೆಂಪಾಗಿಯೇ ಕಾಣುತ್ತದೆ, ಅಲ್ಲಿರುವವರಿಗೂ ಹಾಗೆಯೇ ಕಾಣುತ್ತದೆ. ಎಕ್ಸ್‌ಪೋಶರಿನ ವಿಷಯದಲ್ಲಿ ಬಿಸಿಲಿನ ಭಾಗ ಸುಟ್ಟು ಬಿಳಿಯಾಗದಂತೆ ಅಳೆದು, ನೆರಳು ಕಪ್ಪಾದರೆ ಆಗಲಿ ಎಂದು ಬಿಡಿ.

ಲೆನ್ಸ್ 28 ಅಥವಾ 35 ಮಿ.ಮೀ., ಒಂದೇ ಒಂದು; ಉದ್ದದ ಜೂಮನ್ನು ಹ್ಯೂಸ್ಟನ್ನಿನಲ್ಲೇ ಬಿಟ್ಟು ಬನ್ನಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನದು) 28 ಮಿ.ಮೀ. ಲೆನ್ಸಿನ ಬೆಳಕಿನ ಕಂಡಿಯನ್ನು ಎಫ್ 8ಕ್ಕೆ ಇಟ್ಟು ಎರಡೂವರೆ ಮೀಟರಿಗೆ ಫೋಕಸ್ ಕಟ್ಟಿದರೆ ಸುಮಾರು 1.4 ಮೀಟರಿನಿಂದ 10 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಇಕ್ಕಟ್ಟಿನ ಓಣಿಯಲ್ಲಿ ಫೋಕಸಿಗಾಗಿ ಒದ್ದಾಡುವ ಅಗತ್ಯವೇ ಇಲ್ಲ. ನಡೆಯುವವರಿಗೆ ಷಟರ್ ವೇಗ 1/250 ಸಾಕು. ಮಧ್ಯಾಹ್ನದ ಊಟದ ಹೊತ್ತಿಗೆ ‘ಕೊಮಾಲ್’ ಎಂಬ ಅಗಲ ಹಂಚಿನ ಸುತ್ತ ಹೆಂಗಸರು ನಿಂತು ತೊರ್ತಿಯಾ ತಟ್ಟುವಾಗ ಮಾತ್ರ ವೇಗ ಬದಲಿಸಿ. ಅವರು ನಮ್ಮ ರೊಟ್ಟಿಯಂತೆ ಹಲಗೆಯ ಮೇಲೆ ಬಡಿಯುವುದಿಲ್ಲ, ಎರಡು ಅಂಗೈಗಳ ನಡುವೆ ಚಪ್ಪಾಳೆಯಂತೆ ತಟ್ಟುತ್ತಾರೆ. 1/500ರಲ್ಲಿ ಆ ಕೈಗಳು ಕಲ್ಲಾಗುತ್ತವೆ, 1/30ರಲ್ಲಿ ಕೈಗಳು ಕರಗಿ ಮುಖ ನಿಲ್ಲುತ್ತದೆ. ನನಗೆ ಎರಡನೆಯದು ಇಷ್ಟ, ಆ ಸದ್ದು ಅದರಲ್ಲಿ ಸ್ವಲ್ಪವಾದರೂ ಉಳಿಯುತ್ತದೆ.

ಬಣ್ಣವೋ ಕಪ್ಪು-ಬಿಳುಪೋ ಎಂಬುದಕ್ಕೆ ಗ್ವಾಟೆಮಾಲದ ಮಟ್ಟಿಗೆ ನನ್ನ ಉತ್ತರ ಸ್ಪಷ್ಟ: ಬಣ್ಣ. ಹೆಂಗಸರು ತೊಡುವ ‘ವಿಪಿಲ್’ ಎಂಬ ನೇಯ್ದ ರವಿಕೆಯ ಬಣ್ಣ ಮತ್ತು ಚಿತ್ತಾರ ಆಕೆ ಯಾವ ಊರಿನವಳೆಂದು ಹೇಳುತ್ತದೆ. ಈಗ ಬೇರೆ ಊರಿನ ವಿಪಿಲನ್ನು ಇಷ್ಟಪಟ್ಟು ತೊಡುವವರೂ ಇದ್ದಾರೆ, ಆದರೂ ತಿಳಿದವರು ಓದಬಲ್ಲರು. ಸೊಲೊಲಾದಲ್ಲಿ ಗಂಡಸರೂ ಇಂದಿಗೂ ನೇಯ್ದ ಉಡುಗೆ ತೊಡುತ್ತಾರೆ. ಕೆಲವರ ಕೋಟಿನ ಬೆನ್ನಿನ ಮೇಲೆ ಬಾವಲಿಯ ಆಕೃತಿ ಇರುತ್ತದೆ, ಅದು ಹಳೆಯ ಕಕ್ಚಿಕೆಲ್ ಅರಸುಮನೆತನದ ಲಾಂಛನ. ಕಪ್ಪು-ಬಿಳುಪಿನಲ್ಲಿ ಇದೆಲ್ಲ ಬೂದಿಯಾಗುತ್ತದೆ. ಆದರೆ ಬಣ್ಣವಿದೆ ಎಂಬ ಕಾರಣಕ್ಕೇ ತೆಗೆದ ಚಿತ್ರ ಜವಳಿ ಅಂಗಡಿಯ ಜಾಹೀರಾತಾಗುತ್ತದೆ. ಈ ಚಿತ್ತಾರಗಳನ್ನು ಅನುಮತಿಯಿಲ್ಲದೆ ನಕಲು ಮಾಡಿ ಮಾರುವುದರ ವಿರುದ್ಧ ಮಾಯಾ ನೇಕಾರ ಮಹಿಳೆಯರು 2016ರಲ್ಲಿ ದೇಶದ ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲೇರಿದರು ಎಂಬುದು ನಿಮಗೆ ತಿಳಿದಿರಲಿ. ನಿಮ್ಮ ಚಿತ್ರಗಳನ್ನು ಸ್ಟಾಕ್ ಫೋಟೊ ತಾಣಗಳಿಗೆ ಮಾರಬೇಡಿ.

ಚಿಚಿಕಾಸ್ತೆನಾಂಗೊಗೆ ಒಂದು ಗುರುವಾರ ಹೋಗಿ ಬನ್ನಿ. ಸೊಲೊಲಾದಿಂದ ಲೊಸ್ ಎನ್ಕ್ವೆಂತ್ರೊಸ್ ಎಂಬ ಕೂಡುದಾರಿಯಲ್ಲಿ ಬಸ್ ಬದಲಿಸಬೇಕು. ಅಲ್ಲಿನ ಸಾಂತೊ ತೊಮಾಸ್ ಚರ್ಚು 16ನೇ ಶತಮಾನದ ನಡುವಿನದು, ಹಳೆಯ ಮಾಯಾ ಗುಡಿಯ ಜಗಲಿಯ ಮೇಲೆಯೇ ಎದ್ದದ್ದು. ಮುಂದಿನ ಅರ್ಧವೃತ್ತದ ಮೆಟ್ಟಿಲುಗಳ ಮೇಲೆ ಹೂ ಮಾರುವವರು ಕೂತಿರುತ್ತಾರೆ, ಬುಡದಲ್ಲಿ ಕೊಪಾಲ್ ಧೂಪ ಉರಿಯುತ್ತಿರುತ್ತದೆ. ಎದುರು ಬೆಳಕಿನಲ್ಲಿ ಆ ಹೊಗೆ ಎಂಥ ಚಿತ್ರ ಕೊಡುತ್ತದೆಂದು ನೋಡಿದ ಕೂಡಲೇ ತಿಳಿಯುತ್ತದೆ, ಆದ್ದರಿಂದಲೇ ಎಲ್ಲರೂ ಅಲ್ಲೇ ಮುತ್ತುತ್ತಾರೆ. ಆ ಮೆಟ್ಟಿಲು ಪೂಜೆಯ ಸ್ಥಳ. ನಡುವಿನ ದಾರಿ ಧಾರ್ಮಿಕ ಹಿರಿಯರದು, ಹೊರಗಿನವರು ಪಕ್ಕದ ಬಾಗಿಲಿನಿಂದ ಹೋಗಬೇಕು, ಒಳಗೆ ಫೋಟೊ ತೆಗೆಯುವಂತಿಲ್ಲ. ಪ್ರಾರ್ಥನೆಯಲ್ಲಿರುವವರನ್ನು ಹೊರಗಿನಿಂದಲೂ ಹತ್ತಿರದಿಂದ ತೆಗೆಯಬೇಡಿ. ನಾನಾದರೆ ಕರಕುಶಲ ವಸ್ತುಗಳ ಸಾಲುಗಳನ್ನು ಬಿಟ್ಟು, ಊರಿನವರು ತರಕಾರಿ ಕೊಳ್ಳುವ ಒಳಗಿನ ಕಟ್ಟಡಕ್ಕೆ ಹೋಗಿ ಮಹಡಿಯಿಂದ ಕೆಳಗೆ ನೋಡುತ್ತೇನೆ.

ಸಂತೆಗೂ ಮೊದಲು, ಸಂತೆಯ ನಂತರ ಬಸ್ ನಿಲ್ದಾಣವಿದೆ, ಹೆಚ್ಚಿನವರು ಅದನ್ನು ಮರೆಯುತ್ತಾರೆ. ‘ಕಾಮ್ಯೊನೆತಾ’ ಎಂದು ಅಲ್ಲಿ ಕರೆಯುವ ಬಸ್ಸುಗಳು ಅಮೆರಿಕದ ಶಾಲೆಗಳು ಮಾರಿಬಿಟ್ಟ ಹಳೆಯ ಹಳದಿ ಬಸ್ಸುಗಳೇ. ಇಲ್ಲಿ ಬಂದು ಕೆಂಪು, ಹಸಿರು ಬಣ್ಣ, ಕ್ರೋಮಿನ ಹೊಳಪು, ಸಂತರ ಹೆಸರು ಪಡೆಯುತ್ತವೆ. ಬುಟ್ಟಿಗಳು ಮೇಲೇರುವಾಗ ಕ್ಲೀನರನು ಏಣಿಯ ಮೇಲೆ ಒಂದು ಕೈಯಲ್ಲಿ ನೇತಾಡುತ್ತಾ ಊರಿನ ಹೆಸರು ಕೂಗುತ್ತಿರುತ್ತಾನೆ. ಹೊರೆಯಾಳುಗಳು ಮೂಟೆಯನ್ನು ತಲೆಯ ಮೇಲಲ್ಲ, ಹಣೆಗೆ ಹಾಕಿದ ಪಟ್ಟಿಯಿಂದ ಬೆನ್ನಿಗೆ ಇಳಿಬಿಟ್ಟು ಒಯ್ಯುತ್ತಾರೆ. ಆ ಪಟ್ಟಿಗೆ ‘ಮೆಕಪಾಲ್’ ಎಂದು ಹೆಸರು. ಸ್ಪೇನಿನವರು ಬರುವುದಕ್ಕೂ ಬಹು ಹಿಂದಿನ ಸಾಧನ. ಭಾರದಿಂದ ಬಾಗಿದ ಮನುಷ್ಯನನ್ನು ಮೇಲಿನಿಂದ ತೆಗೆದರೆ ಆತ ಇನ್ನೂ ಕುಗ್ಗುತ್ತಾನೆ. ಮಂಡಿಯೂರಿ, ಆತನ ಕಣ್ಣಿನ ಮಟ್ಟಕ್ಕೆ ಇಳಿದು, ಮೂಟೆ ಇಳಿಸಿ ಉಸಿರುಬಿಡುವ ಹೊತ್ತಿಗಾಗಿ ಕಾಯಿರಿ.

ಉಳಿದ ದೇಶಗಳ ಬಗ್ಗೆ ಎರಡು ಮಾತು. ಎಲ್ ಸಾಲ್ವಡಾರಿನ ನಾವಿಸಾಲ್ಕೊದಲ್ಲಿ ಮೇಣದಬತ್ತಿಯ ಬೆಳಕಿನ ರಾತ್ರಿ ಸಂತೆಗೆ ಹೆಸರಿದೆ. ಮುಂದೊಮ್ಮೆ ಹೋಗುವುದಾದರೆ ಐಎಸ್‌ಒ 3200, ಎಫ್ 2, 1/60ರಿಂದ ಆರಂಭಿಸಿ. ಆ ದೇಶದಲ್ಲಿ 2022ರ ಮಾರ್ಚ್‌ನಲ್ಲಿ ತುರ್ತುಸ್ಥಿತಿ ಜಾರಿಯಾಯಿತು. ಪೊಲೀಸರು, ಸೈನಿಕರು ಚೌಕಟ್ಟಿಗೆ ಬರದಂತೆ ನೋಡಿಕೊಳ್ಳಿ. ನಿಕರಾಗುವಾದಲ್ಲಿ 2018ರ ಏಪ್ರಿಲ್‌ನ ಪ್ರತಿಭಟನೆಗಳ ಬಳಿಕ ಕ್ಯಾಮೆರಾ ಹಿಡಿದವರ ಮೇಲೆ ಅನುಮಾನ ಹೆಚ್ಚು, ಮತ್ತು ನಿಮ್ಮೊಡನೆ ಮಾತಾಡಿದವರಿಗೂ ಅದರ ಬಿಸಿ ತಟ್ಟಬಹುದು. ಸದ್ಯಕ್ಕೆ ನಾನು ಅಲ್ಲಿಗೆ ಹೋಗಲು ಹೇಳುವುದಿಲ್ಲ.

ಹಣ ಕೊಡಬೇಕೇ ಎಂದು ನೀವು ಕೇಳಿಲ್ಲ, ಆದರೆ ಮೊದಲ ದಿನವೇ ಎದುರಾಗುವ ಪ್ರಶ್ನೆ ಅದು. ಆಂಟಿಗುವಾದ ಕಮಾನಿನ ಬಳಿ ಪೂರ್ಣ ಉಡುಗೆಯಲ್ಲಿ ಬಟ್ಟೆ ಮಾರುವ ಹೆಂಗಸರು ಫೋಟೊಕ್ಕೆ ಕೆಲವು ಕೆತ್ಸಾಲ್ (ಅಲ್ಲಿನ ನಾಣ್ಯ) ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಎಲ್ಲರೂ ಅವರನ್ನು ತೆಗೆದು ಹೋಗುತ್ತಾರೆ, ಅದು ಅವರ ಸಮಯ. ಅದನ್ನು ಮಾತ್ರ ಬೀದಿಯ ಸಹಜ ಚಿತ್ರವೆಂದು ಮುಂದೆ ಹೇಳಿಕೊಳ್ಳಬೇಡಿ. ಸಂತೆಯೊಳಗೆ ಹಣಕ್ಕಿಂತ ಕೊಳ್ಳುವುದು ಒಳ್ಳೆಯದು, ಕೊಳ್ಳುವುದಕ್ಕಿಂತ ಪ್ರತಿ ಕೊಡುವುದು ಒಳ್ಳೆಯದು. ಎರಡನೆಯ ಸಲ ತೆಗೆದ ಚಿತ್ರಗಳನ್ನು ಮೂರನೆಯ ಸಲಕ್ಕೆ ಮುಂಚೆ ಊರಿನ ಯಾವುದಾದರೂ ಸ್ಟುಡಿಯೊದಲ್ಲಿ ಅಂಚೆಕಾರ್ಡಿನ ಅಳತೆಗೆ ಅಚ್ಚು ಹಾಕಿಸಿ, ಹಿಂಬದಿಗೆ ಸಂತೆಯ ಯಾವ ಸಾಲು, ಏನು ಮಾರುವವರು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಂಡು, ಹುಡುಕಿ ತಲುಪಿಸಿ.

ನಾನು ಹಾಗೆ ಮಾಡಿದ ಶುಕ್ರವಾರ ಗಜ್ಜರಿ ಮಾರುವ ಅಜ್ಜಿಯೊಬ್ಬರು ತಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿ, ಹೆಗಲ ವಸ್ತ್ರ ಓರೆಯಾಗಿದೆ, ಹೀಗೆ ಬೇಡ ಎಂದು ಮೊಮ್ಮಗಳ ಮೂಲಕ ಹೇಳಿಸಿದರು. ಎದ್ದು ನಿಂತು ವಸ್ತ್ರವನ್ನು ಸರಿಯಾಗಿ ಮಡಿಸಿ ಹೆಗಲಿಗೆ ಹಾಕಿಕೊಂಡರು, ಮೊಮ್ಮಗಳನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು, ಹಿಂದೆ ಗಜ್ಜರಿಯ ರಾಶಿ ಪೂರ್ತಿ ಕಾಣುತ್ತದೆಯೇ ಎಂದು ತಿರುಗಿ ನೋಡಿದರು. ಆಮೇಲೆ ನನ್ನ ಕಡೆಗೆ ತಲೆಯಾಡಿಸಿದರು. ಆ ಎರಡನೆಯ ಚಿತ್ರವನ್ನು ಮುಂದಿನ ಮಂಗಳವಾರ ಒಯ್ದು ಕೊಟ್ಟೆ.